ಅಕ್ಕ ತನ್ನ ಹೆಸರಿಗೆ ಬರೆದುಕೊಂಡ ತಪ್ಪು

ನಾನು ರಾಮದುರ್ಗಕ್ಕೆ ಹೋಗಿ ಕೆಲವು ಮಕ್ಕಳ ಮುಂದೆ ನಿಂತು ಒಂದು ಮಾತು ಹೇಳಬೇಕಾಗಿತ್ತು. ಬೈಲಹೊಂಗಲದಿಂದ ರಾಮದುರ್ಗ ಬಹಳ ದೂರವೇನಲ್ಲ. ಬೆಳಿಗ್ಗೆ ರೊಟ್ಟಿ ತಿಂದು ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಮಾತು ಮುಗಿಸಿ, ಸಂಜೆಗೆ ಬಂದು ಅಂಗಡಿಯ ಬಾಗಿಲು ತೆಗೆಯಬಹುದು. ಆ ಒಂದು ದಿನದ ಕೆಲಸವನ್ನು ನಾನು ಏಳು ವರ್ಷ ಮಾಡಲಿಲ್ಲ. ಹೋಗು ಎಂದು ಹೇಳಿದವಳು ನನ್ನ ಅಕ್ಕ. ಅವಳು ಈಗ ಇಲ್ಲ.

ಅವಳು ಕೆಲಸ ಮಾಡಿದ ಸಂಸ್ಥೆಯವರು ಅವಳ ನೆನಪಿಗೆ ಒಂದು ಸಣ್ಣ ಪುಸ್ತಕ ತರುತ್ತಿದ್ದಾರೆ. "ಕಚೇರಿ ಮಾತು ನಾವು ಬರೀತೇವಿ, ಮನಿ ಮಾತು ನೀವು ಬರೀರಿ" ಎಂದು ನನಗೆ ಹೇಳಿದರು. ನಾನು ಓದಿದ್ದು ಏಳನೇ ಇಯತ್ತೆ. ನಾವು ಹತ್ತಿ ಹಿಂಜುವ ಪಿಂಜಾರರು. ಅಪ್ಪ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಓಣಿ ಓಣಿ ತಿರುಗಿದವನು. ನಾನು ಪೇಟೆಯಲ್ಲಿ ಮಷೀನು ಇಟ್ಟುಕೊಂಡು ಗಾದಿ, ದಿಂಬು ಮಾಡುತ್ತೇನೆ. ಬರೆದದ್ದನ್ನು ಕಾಲೇಜಿಗೆ ಹೋಗುವ ಮಗಳಿಗೆ ಕೊಟ್ಟಿದ್ದೇನೆ. ಅಕ್ಷರ ತಿದ್ದು, ಸಂಗತಿ ತಿದ್ದಬೇಡ ಎಂದಿದ್ದೇನೆ. ತನ್ನ ಹೆಸರಿನಲ್ಲಿ ಏನನ್ನೂ ಮಾಡಬೇಡಿ ಎಂದು ಅಕ್ಕ ನಿವೃತ್ತಿಯ ದಿನವೇ ಎಲ್ಲರಿಗೂ ಹೇಳಿದ್ದಳು. ಹಾಗಾಗಿ ಇಲ್ಲಿ ಅವಳ ಹೆಸರಿಲ್ಲ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ತಾಲ್ಲೂಕುಗಳಲ್ಲಿ ಸಂಸ್ಥೆ ಮಕ್ಕಳಿಗಾಗಿ ನಡೆಸುವ ಕೆಲಸವನ್ನೆಲ್ಲ ಒಂದಕ್ಕೊಂದು ಜೋಡಿಸುವುದು ಅಕ್ಕನ ಉದ್ಯೋಗವಾಗಿತ್ತು. ಕಬ್ಬು ಕಡಿಯಲು ಬೇರೆ ಜಿಲ್ಲೆಗಳಿಂದ ಬಂದವರ ಮಕ್ಕಳು, ಹೊಳೆ ಬಂದು ಮನೆ ಕಳೆದುಕೊಂಡವರ ಮಕ್ಕಳು, ತಂದೆ ತಾಯಿ ಇಬ್ಬರೂ ಊರು ಬಿಟ್ಟು ಹೋದಾಗ ಅಜ್ಜಿಯ ಹತ್ತಿರ ಉಳಿದ ಮಕ್ಕಳು. ಅವಳ ಬಾಗಿಲಿನ ಮೇಲೆ 'ಪ್ರಾದೇಶಿಕ ಸಂಯೋಜಕಿ' ಎಂದು ಬರೆದಿತ್ತು. ನಮ್ಮ ಅವ್ವನಿಗೆ ಆ ಮಾತು ಕೊನೆಯವರೆಗೂ ನಾಲಿಗೆಗೆ ಹತ್ತಲಿಲ್ಲ. ಓಣಿಯ ಹೆಂಗಸರು "ನಿನ್ನ ಮಗಳು ಏನ ಕೆಲಸ ಮಾಡ್ತಾಳಬೇ?" ಎಂದು ಕೇಳಿದರೆ, "ಮನಿ ಬಿಟ್ಟು ಬಂದ ಹುಡ್ರನ್ನ ಎಣಸ್ತಾಳವಾ. ಎಣಸೂದು ಮುಗಿಯೂದ ಇಲ್ಲ" ಎನ್ನುತ್ತಿದ್ದಳು. ಅಕ್ಕ ಅದನ್ನು ಕೇಳಿ ನಕ್ಕು, "ಅವ್ವ ಹೇಳಿದಷ್ಟು ಚೊಲೊ ನಮ್ಮ ದೊಡ್ಡ ಆಫೀಸಿನವರಿಗೂ ಹೇಳಾಕ ಬರೂದಿಲ್ಲ" ಅಂದಿದ್ದಳು.

ಈ ಕೆಲಸಕ್ಕೆ ಬರುವ ಮೊದಲು, ವಯಸ್ಸಿನಲ್ಲಿದ್ದಾಗ, ಅವಳು ಎರಡು ವರ್ಷ ದಕ್ಷಿಣದ ಕಡೆ ನಿರಾಶ್ರಿತರ ಶಿಬಿರವೊಂದರಲ್ಲಿ ಇದ್ದಳು. ಸಮುದ್ರದಾಚೆಯಿಂದ ಯುದ್ಧಕ್ಕೆ ಹೆದರಿ ದೋಣಿಯಲ್ಲಿ ಬಂದವರು ಅವರು. ಅಲ್ಲಿನ ಮಕ್ಕಳು ಚಪ್ಪಲಿ ಹಾಕಿಕೊಂಡೇ ಮಲಗುತ್ತಿದ್ದವಂತೆ. ಓಡು ಎಂದು ಯಾರಾದರೂ ಕೂಗಿದರೆ ಚಪ್ಪಲಿ ಹುಡುಕುತ್ತ ನಿಲ್ಲಬಾರದು ಎಂದು. ಮಕ್ಕಳಿಗೆ ಒಬ್ಬೊಬ್ಬರಿಗೆ ಒಂದೊಂದು ಹಾಸಿಗೆ ಕೊಟ್ಟ ಮೇಲೆ, ನಾಲ್ಕೈದು ದಿನಕ್ಕೆ, ಒಂದು ಮಗು ಚಪ್ಪಲಿ ಬಿಚ್ಚಿ ಗೋಡೆಯ ಬದಿಗೆ ಇಟ್ಟಿತು. ಮರುದಿನ ಇನ್ನೊಂದು. ಇದನ್ನು ಅಕ್ಕ ನಮಗೆ ಎಷ್ಟು ಸಲ ಹೇಳಿದ್ದಳೋ. "ಹಾಸಿಗಿ ಅಂದ್ರ ನಾಳೆ ಅಂತ ಅರ್ಥ. ನಾಳೆನೂ ನಾ ಇಲ್ಲೇ ಇರತೇನಿ ಅಂತ ಕೂಸಿಗೆ ಧೈರ್ಯ ಬರೂದು ಹಾಸಿಗಿ ಮ್ಯಾಲ" ಎನ್ನುತ್ತಿದ್ದಳು. ಗಾದಿ ಮಾಡುವವನು ನಾನು. ಆ ಮಾತು ನನ್ನ ಕಿವಿಯ ಮೇಲೆ ಬಿದ್ದು ಹೋಗುತ್ತಿತ್ತು.

ಅವಳು ಕುಳ್ಳಗೆ ಇದ್ದಳು, ಬಿರುಸಾಗಿ ನಡೆಯುತ್ತಿದ್ದಳು. ಯಾವ ಕೇಂದ್ರಕ್ಕೆ ಹೋದರೂ ಮೊದಲು ಅಡಿಗೆಯ ಮನೆ, ಆಮೇಲೆ ಮಕ್ಕಳು ಮಲಗುವ ಜಾಗ, ಆಮೇಲೆ ಪಾಯಖಾನೆ. ಕುರ್ಚಿ, ಚಹಾ ಎಲ್ಲ ಕೊನೆಗೆ. ಕೇಂದ್ರದವರನ್ನು ಏನೂ ಕೇಳದೆ ಮಕ್ಕಳನ್ನೇ "ನಿನ್ನೆ ಏನ ಉಂಡ್ರಿ?" ಎಂದು ಕೇಳುತ್ತಿದ್ದಳು. ಊಟದ ವಿಷಯದಲ್ಲಿ ಮಕ್ಕಳು ಸುಳ್ಳು ಹೇಳುವುದಿಲ್ಲ ಎಂಬುದು ಅವಳ ನಂಬಿಕೆ. ಮಗುವಿನ ಜೊತೆ ಮಾತಾಡುವಾಗ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂಡುತ್ತಿದ್ದಳು. ತನ್ನ ಕಣ್ಣು ಮಗುವಿನ ಕಣ್ಣಿಗಿಂತ ಕೆಳಗಿರಬೇಕು, ಆಗಲೇ ಅದು ಬಾಯಿ ಬಿಡುತ್ತದೆ ಎನ್ನುವಳು. ಮೊಣಕಾಲು ನೋಯತೊಡಗಿದ ಮೇಲೆ ಜೀಪಿನಲ್ಲಿ ಒಂದು ಗಿಡ್ಡ ಮಣೆ ಇಟ್ಟುಕೊಂಡು ತಿರುಗಿದಳೇ ಹೊರತು ಕುರ್ಚಿಗೆ ಏರಲಿಲ್ಲ.

ತಿಂಗಳಿಗೊಮ್ಮೆ ನಾಲ್ಕೂ ತಾಲ್ಲೂಕಿನ ಕೆಲಸಗಾರರ ಸಭೆ ಇರುತ್ತಿತ್ತು. ಅಲ್ಲಿ ಯಾರೂ ತಮ್ಮ ಕೆಲಸದ ವರದಿ ತಾವು ಹೇಳುವಂತಿರಲಿಲ್ಲ. ಸವದತ್ತಿಯವರು ಕಿತ್ತೂರಿನದು ಹೇಳಬೇಕು, ಕಿತ್ತೂರಿನವರು ರಾಮದುರ್ಗದ್ದು. ಹೀಗಾಗಿ ಸಭೆಗೆ ಮೊದಲು ಎಲ್ಲರೂ ಇನ್ನೊಬ್ಬರ ಊರಿಗೆ ಹೋಗಿ ಕಣ್ಣಾರೆ ನೋಡಿ ಬರಲೇಬೇಕು. "ತನ್ನ ಮಜ್ಜಿಗಿ ಹುಳಿ ಅಂತ ಯಾರೂ ಹೇಳೂದಿಲ್ಲ. ಅದಕ್ಕ ಬಾಜೂಮನಿಯವರ ಕಡೆ ಕುಡಿಸಿ ಕೇಳಬೇಕು" ಎಂದು ಅದಕ್ಕೆ ಅವಳ ವಿವರಣೆ.

ಅವಳ ಜೀಪಿನ ಡ್ರೈವರ್ ಈರಪ್ಪ ನನ್ನ ಅಂಗಡಿಗೆ ಚಹಾಕ್ಕೆ ಬರುತ್ತಿದ್ದ. ಎಂ.ಕೆ. ಹುಬ್ಬಳ್ಳಿಯ ಕಬ್ಬು ಕಡಿಯುವ ಗ್ಯಾಂಗಿನ ಕತೆಯನ್ನು ಅವನೇ ಹೇಳಿದ್ದು. ರವದಿಯ, ಅಂದರೆ ಕಬ್ಬಿನ ಒಣ ಎಲೆಯ, ಗುಡಿಸಲು ಹಾಕಿಕೊಂಡು ಇಳಿದಿದ್ದ ಗ್ಯಾಂಗು ಅದು. ಎಂಟು, ಒಂಬತ್ತು ವರ್ಷದ ಹುಡುಗಿಯರು ತಂಗಿ ತಮ್ಮಂದಿರನ್ನು ಸೊಂಟದ ಮೇಲೆ ಹೊತ್ತುಕೊಂಡು ದಿನ ಕಳೆಯುತ್ತಿದ್ದರು. ಅವರನ್ನು ಓದಲು ಸಾಲಿಗೆ ಕಳಿಸು ಎಂದು ಅಕ್ಕ ಹೇಳಿದರೆ ಗ್ಯಾಂಗಿನ ಮುಖ್ಯಸ್ಥ, ಮುಕಾದಮ, ಒಪ್ಪಲಿಲ್ಲ.

"ಇವು ಸಾಲಿಗೆ ಹೋದ್ರ ಸಣ್ಣ ಕೂಸುಗಳನ್ನ ಯಾರ ನೋಡಬೇಕ್ರಿ ಮೇಡಂ? ಕೂಸು ಆಡಸೂದು ಏನ ದೊಡ್ಡ ಕೆಲಸರಿ? ಕುಂತಲ್ಲೇ ಆಡಸ್ತಾವು."

"ಹೌದಲ್ಲ, ಕುಂತ ಮಾಡೋ ಕೆಲಸ" ಎಂದಳಂತೆ ಅಕ್ಕ. "ಹಂಗಾದ್ರ ಇವತ್ತ ಒಂದ ದಿನ ನೀವ ಕುಂದರ್ರಿ. ಈ ಹುಡುಗ್ಯಾರನ್ನ ನಾ ಕರಕೊಂಡ ಹೋಗತೇನಿ."

ಗ್ಯಾಂಗಿನ ಹೆಂಗಸರೆಲ್ಲ ಸೆರಗಿನಲ್ಲಿ ನಕ್ಕರು. ಮುಕಾದಮನಿಗೆ ಹಟ ಬಂತು. ಏಳು ಕೂಸುಗಳನ್ನು ಗುಡಿಸಲಿನ ನೆರಳಿಗೆ ಹಾಕಿಕೊಂಡು ಕೂತ. ಮಧ್ಯಾಹ್ನ ಅಕ್ಕ ಹೋದಾಗ ಅವನ ಒಂದು ಹೆಗಲ ಮೇಲೆ ಒಂದು, ತೊಡೆಯ ಮೇಲೆ ಎರಡು, ಎಲ್ಲವೂ ಅಳುತ್ತಿದ್ದವು. ಅವನ ತಲೆಯ ಪಟಕ ಒಂದು ಕೂಸಿಗೆ ತೊಟ್ಟಿಲಾಗಿತ್ತು. "ಮೇಡಂ, ಕಬ್ಬ ಕಡಿಯೂದ ಹಗರ ಐತ್ರಿ" ಎಂದು ಕೈಮುಗಿದನಂತೆ. ಮುಂದಿನ ವಾರದಿಂದ ಗುಡಿಸಲುಗಳ ಪಕ್ಕದಲ್ಲೇ ಡೇರೆ ಹಾಕಿ ಸಾಲಿ ನಡೆಯಿತು. ಸಣ್ಣ ಕೂಸುಗಳಿಗೂ ಅಲ್ಲೇ ಜಾಗ ಆಯಿತು.

ದಾನ ಕೊಡುವವರ ಕೂಡ ಅವಳ ಜಗಳ ತಪ್ಪಿದ್ದಿಲ್ಲ. ಹಳೆಯ ಬಟ್ಟೆಯ ಗಂಟು ಬಂದರೆ ಅಲ್ಲೇ ಬಿಚ್ಚಿ ಒಂದೊಂದೇ ಅಂಗಿ ಝಾಡಿಸಿ ನೋಡುತ್ತಿದ್ದಳು. ಒಮ್ಮೆ ನಮ್ಮ ಪೇಟೆಯ ವ್ಯಾಪಾರಿಯೊಬ್ಬರ ಗಂಟನ್ನು ಅವರ ಅಂಗಡಿಗೇ ವಾಪಸು ತಂದಳು. ನಾನು ಎದುರಿಗೇ ಇದ್ದೆ.

"ಗುಂಡಿ ಇಲ್ಲರಿ ಸಾವಕಾರ್ರ. ಕಂಕುಳ ಹರದೈತಿ. ಇದನ್ನ ನಿಮ್ಮ ಮೊಮ್ಮಗಗ ಹಾಕತೀರೇನ್ರಿ?"

ಅವರಿಗೆ ಸಿಟ್ಟು ಬಂತು. "ದಾನಕ್ಕ ಬಂದ ದನದ ಹಲ್ಲ ಎಣಸ್ತೀರೇನವಾ?"

"ದನಕ್ಕ ಅಲ್ಲರಿ, ಮಕ್ಕಳಿಗೆ ಕೊಡಾಕತ್ತೀರಿ. ಗುಂಡಿ ಹಚ್ಚಿ ಕೊಡ್ರಿ, ನಾನ ಬಂದ ಒಯ್ಯತೇನಿ."

ಅವರು ಗುಂಡಿ ಹಚ್ಚಿಸಿ ಕೊಟ್ಟರು. ನಾನು ಮನೆಗೆ ಬಂದು ಹೆಂಡತಿಯ ಮುಂದೆ, "ಅಕ್ಕನ ಸಲುವಾಗಿ ಪೇಟೆಯೊಳಗ ಮಾರಿ ಎತ್ತಿ ತಿರಗಾಡದಂಗ ಆಗೇತಿ" ಎಂದು ಗೊಣಗಿದೆ. ಅವಳು ಆಗಲೇ ಅಕ್ಕನ ಮೇಲೆ ಸಿಟ್ಟಿನಲ್ಲಿದ್ದಳು. ನಾಲ್ಕು ತಾಲ್ಲೂಕಿನ ಕೇಂದ್ರಗಳಿಗೆ ಗಾದಿ, ದಿಂಬು ಬೇಕಾಗುತ್ತಿದ್ದವು. ಎಲ್ಲವೂ ಬೆಳಗಾವಿಯ ಕಡೆಯಿಂದ ಬರುತ್ತಿದ್ದವು. ಸ್ವಂತ ತಮ್ಮನಿಗೆ ಒಂದು ದಿಂಬಿನ ಕೆಲಸವನ್ನೂ ಅಕ್ಕ ಕೊಟ್ಟಿರಲಿಲ್ಲ. ಸಂಬಂಧಿಕರಿಗೆ ಕೊಡಬಾರದು ಎಂಬುದು ಸಂಸ್ಥೆಯ ನಿಯಮ. ಅದಕ್ಕಿಂತ ಹೆಚ್ಚಾಗಿ ಅವಳ ನಿಯಮ.

ಆ ನಿಯಮವನ್ನು ಅವಳು ಮುರಿದದ್ದು ಒಮ್ಮೆ ಮಾತ್ರ.

ಆ ವರ್ಷ ಮಳೆಗಾಲದಲ್ಲಿ ಮಲಪ್ರಭೆ ದಂಡೆ ಮೀರಿ ಬಂದು ರಾಮದುರ್ಗದ ಸುತ್ತಿನ ಊರುಗಳ ಮನೆಗಳಿಗೆ ನುಗ್ಗಿತು. ಜನರನ್ನು ಮೊದಲು ಸಾಲಿಗಳಲ್ಲಿ, ಆಮೇಲೆ ತಗಡಿನ ಶೆಡ್ಡುಗಳಲ್ಲಿ ಇಟ್ಟರು. ಮಕ್ಕಳು ಒದ್ದೆ ನೆಲದ ಮೇಲೆ ಗೊಬ್ಬರದ ಚೀಲ ಹಾಸಿಕೊಂಡು ಮಲಗುತ್ತಿದ್ದರು. ಬೆಳಗಾವಿಯಿಂದ ಗಾದಿ ಕಳಿಸುವವರು ರಸ್ತೆ ಕೆಟ್ಟಿದೆ, ಈಗ ಆಗುವುದಿಲ್ಲ ಎಂದರು. ಅಕ್ಕ ಕೆಸರು ಮೆತ್ತಿದ ಸೀರೆಯಲ್ಲೇ ನನ್ನ ಅಂಗಡಿಗೆ ಬಂದಳು.

"ನಲವತ್ತ ಗಾದಿ ಬೇಕಪಾ. ಸಣ್ಣವು, ಹುಡ್ರ ಅಳತಿ. ಎಂಟ ದಿನದಾಗ ಆಗತೈತೇನು?"

"ಆಗತೈತಿ" ಎಂದೆ. ವಿಚಾರ ಮಾಡಲಿಲ್ಲ. ಇಷ್ಟು ವರ್ಷಕ್ಕೆ ನನ್ನನ್ನು ಕೇಳಲು ಬಂದಳಲ್ಲ ಎಂಬ ಹುರುಪು.

"ಹೊಸಾ ಹತ್ತಿ."

"ಹೊಸಾದ ಹಾಕತೇನಿ."

ಎದ್ದವಳು ತಿರುಗಿ ನಿಂತಳು. "ಒಬ್ಬರಿಗೂ ಮಾಡಲಾರದ್ದನ್ನ ನಿನಗ ಮಾಡಾಕತ್ತೇನಿ, ತಮ್ಮಾ. ನನ್ನ ಮಾನ ನಿನ್ನ ಸೂಜಿ ಮೊನ್ಯಾಗ ಐತಿ ನೋಡು."

ಮಳೆಗಾಲದಲ್ಲಿ ಹೊಸ ಹತ್ತಿ ಎಲ್ಲಿಂದ ಬರಬೇಕು? ಹೊಲದ ಹತ್ತಿ ಪೇಟೆಗೆ ಬರಲು ಇನ್ನೂ ತಿಂಗಳುಗಳಿದ್ದವು. ಇದ್ದದ್ದನ್ನು ದೊಡ್ಡ ವ್ಯಾಪಾರಿಗಳು ಹಿಡಿದಿಟ್ಟಿದ್ದರು. ಅದು ಸಿಗುವಲ್ಲಿಗೆ ಹೋಗಿ ತರಬಹುದಿತ್ತು, ಆಗುವುದಿಲ್ಲ ಎಂದು ಅಕ್ಕನಿಗೆ ಹೇಳಲೂಬಹುದಿತ್ತು. ಎರಡನ್ನೂ ಮಾಡಲಿಲ್ಲ. ಶೆಡ್ಡಿನ ಜಾಗದ ಅಳತೆ ನೋಡಲು ಟೆಂಪೋ ತೆಗೆದುಕೊಂಡು ರಾಮದುರ್ಗಕ್ಕೆ ಹೋದಾಗ, ಹೊಳೆಯ ನೀರು ಇಳಿದ ಓಣಿಗಳಲ್ಲಿ ಜನ ತಮ್ಮ ತೊಯ್ದ ಗಾದಿಗಳನ್ನು ಹೊರಗೆ ಎಸೆದಿದ್ದರು. ಗುಡ್ಡೆ ಗುಡ್ಡೆ ಬಿದ್ದಿದ್ದವು. "ಒಯ್ದರ ಒಯ್ಯಪಾ, ನಮಗ ಕಸ ಹೋದಂಗ ಆಗತೈತಿ" ಎಂದರು. ನಾನು ಟೆಂಪೋ ತುಂಬಿಸಿಕೊಂಡೆ.

ಹಳೆಯ ಗಾದಿ ಬಿಚ್ಚಿ, ಬಿಸಿಲಿಗೆ ಹಾಕಿ, ಮತ್ತೆ ಹಿಂಜಿ ತುಂಬುವುದು ನಮ್ಮ ಕಸುಬಿನಲ್ಲಿ ತಪ್ಪಲ್ಲ. ಊರಿನವರೆಲ್ಲ ಹಾಗೆಯೇ ಮಾಡಿಸುತ್ತಾರೆ. ಆದರೆ ಅಪ್ಪ, ನೀರು ಕುಡಿದ ಅರಳೆಯನ್ನು ಬಿಲ್ಲಿಗೆ ತಾಗಿಸುತ್ತಿರಲಿಲ್ಲ. ಅದರೊಳಗೆ ನೀರು ಕೂತೇ ಇರುತ್ತದೆ, ಮೇಲೆ ಒಣಗಿದ್ದು ಕಣ್ಣಿಗೆ ಮಾತ್ರ. ಇದು ಹೊಳೆಯ ನೀರು, ಚರಂಡಿ ಕೂಡಿದ ನೀರು. ಮೋಡದ ಬಿಸಿಲಿನಲ್ಲಿ ಮಾಳಿಗೆಯ ಮೇಲೆ ಮೂರು ದಿನ ಹರವಿ, ಮಷೀನಿಗೆ ಹಾಕಿದೆ. ಧೂಳು ಎದ್ದು ಅಂಗಡಿಯೆಲ್ಲ ಮಂಜು ಕವಿದ ಹಾಗಾಯಿತು. ವಾಸನೆಗೆ ಕರ್ಪೂರ ಪುಡಿ ಮಾಡಿ ಉದುರಿಸಿದೆ. ಮೇಲಿನ ಬಟ್ಟೆ ಮಾತ್ರ ಹೊಸದು, ನೀಲಿ ಪಟ್ಟೆಯದು, ಗಟ್ಟಿಯಾದದ್ದು. ಲಾಭದ ಆಸೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು.

ಹೆಂಡತಿ ಅರಳೆಯನ್ನು ಮೂಸಿ ನೋಡಿ, "ಇದನ್ನ ನಮ್ಮ ಮಗಳ ಕೆಳಗ ಹಾಸ್ತೀರೇನ್ರಿ?" ಎಂದು ಕೇಳಿದಳು.

"ಚೀಲದ ಮ್ಯಾಲ ಮಲಗೋ ಹುಡ್ರಿಗೆ ಇದ ಪಲ್ಲಂಗ" ಎಂದೆ. ನಕ್ಕೆ ಕೂಡ.

ಎಂಟನೆಯ ದಿನ ಅಕ್ಕ ಜೀಪಿನ ಹಿಂದೆ ಟ್ರಾಲಿ ಹಚ್ಚಿಕೊಂಡು ಬಂದಳು. ಯಾವ ಸಾಮಾನನ್ನೂ ಬಿಚ್ಚಿ ನೋಡದೆ ತೆಗೆದುಕೊಂಡವಳಲ್ಲ. ಅಂದು ಅವಳ ಕಣ್ಣುಗಳು ನಿದ್ದೆಯಿಲ್ಲದೆ ಕೆಂಪಾಗಿದ್ದವು. ಗಾದಿಗಳ ಮೇಲೆ ಒಮ್ಮೆ ಕೈ ಸವರಿ, ಅಂಚಿನ ಹೊಲಿಗೆ ನೋಡಿ, "ಅಪ್ಪನ ಕೈ ಬಂದೈತಲ್ಲೋ ನಿನಗ" ಎಂದಳು. ನಾನು ತಲೆ ತಗ್ಗಿಸಿದೆ. ಹೊಗಳಿದ್ದಕ್ಕೆ ನಾಚಿದೆ ಎಂದು ತಿಳಿದಿರಬೇಕು.

ಒಂದೂವರೆ ತಿಂಗಳಾಗಿರಬಹುದು. ಶೆಡ್ಡಿನ ಮಕ್ಕಳಿಗೆ ತುರಿಕೆ ಹತ್ತಿತು. ಬೆನ್ನು, ತೊಡೆ, ಕುತ್ತಿಗೆಯಲ್ಲಿ ಗುಳ್ಳೆ. ನೀರು ಕೆಟ್ಟಿರಬೇಕು ಎಂದು ನೀರು ಬದಲಿಸಿದರು, ಸಾಬೂನು ಬದಲಿಸಿದರು. ರೇಣುಕಾ ಎಂಬ ಎರಡನೇ ಇಯತ್ತೆಯ ಹುಡುಗಿಗೆ ದಮ್ಮು ಎದ್ದು ದವಾಖಾನೆಗೆ ಹಾಕಬೇಕಾಯಿತು. ಐದು ದಿನ ಮೂಗಿಗೆ ನಳಿಗೆ ಇತ್ತಂತೆ. ಅವಳನ್ನು ನೋಡಿಕೊಂಡು ಶೆಡ್ಡಿಗೆ ಬಂದ ಅಕ್ಕ, ಮಧ್ಯಾಹ್ನದ ಹೊತ್ತು, ದಣಿವಿಗೆ ಆ ಹುಡುಗಿಯ ಗಾದಿಯ ಮೇಲೆ ಅಡ್ಡಾದಳು. ಅಡ್ಡಾದವಳು ತಟ್ಟನೆ ಎದ್ದು ಕೂತಳು. ಹಲ್ಲಿನಿಂದ ಹೊಲಿಗೆಯ ದಾರ ಕಡಿದು ಒಳಗೆ ಕೈ ಹಾಕಿದಳು ಎಂದು ಈರಪ್ಪ ಹೇಳಿದ.

ಅಂದೇ ಸಂಜೆ ಆ ಗಾದಿಯನ್ನು ತಂದು ನನ್ನ ಅಂಗಡಿಯ ನೆಲದ ಮೇಲೆ ಹಾಕಿದಳು.

"ಕೈ ಹಿಡಿ" ಎಂದಳು. ಹಿಡಿದೆ. ಒಳಗಿನಿಂದ ಒಂದು ಮುಷ್ಟಿ ಅರಳೆ ತೆಗೆದು ನನ್ನ ಅಂಗೈಗೆ ಇಟ್ಟಳು. "ಹಿಚಕು."

ಹಿಚುಕಿದೆ. ಬೆರಳ ಸಂದಿಯಿಂದ ಸಣ್ಣ ಮಣ್ಣು ಸುರಿಯಿತು.

"ಏನದು?"

ನಾನು ಅಂಗೈಯನ್ನು ಅಂಗಿಗೆ ಒರೆಸಿಕೊಂಡೆ.

"ಅವರ ಮನಿ ತಗೊಂಡ ಹೋದ ಹೊಳೀನ ಹೊಸಾ ಅರಿವ್ಯಾಗ ಹೊಲದು, ಅವರ ಬೆನ್ನ ಕೆಳಗ ಹಾಸಿದೆಲ್ಲೋ" ಎಂದಳು. ಕೂಗಲಿಲ್ಲ. ಕೂಗಿದ್ದರೆ ನಾನೂ ಏನಾದರೂ ಕೂಗಬಹುದಿತ್ತು. "ನಾ ಪಿಂಜಾರನ ಮಗಳು. ಒಳಗ ಕೈ ಹಾಕಿದ್ರ ಗೊತ್ತಾಗತಿತ್ತು. ತಮ್ಮ ಅಂತ ಹಾಕಲಿಲ್ಲ."

ಉಳಿದ ಗಾದಿಗಳೂ ಮರುದಿನ ನನ್ನ ಬಾಗಿಲಿಗೆ ಬಂದು ಬಿದ್ದವು. ಊರ ಹೊರಗೆ ಒಯ್ದು ಸುಟ್ಟೆ. ಏನು ಸುಡುತ್ತೀ ಎಂದು ದಾರಿಹೋಕರು ಕೇಳಿದರೆ ಹಳೆಯ ಸಾಮಾನು ಎಂದೆ. ಬೇರೆ ಗಾದಿ ಬರುವವರೆಗೆ ಶೆಡ್ಡಿನ ಹೆಂಗಸರನ್ನೆಲ್ಲ ಸಾಲಾಗಿ ಕೂಡಿಸಿ ಅಕ್ಕ ಕೌದಿ ಹೊಲಿಸಿದಳು. ತಾನೂ ಸೂಜಿ ಹಿಡಿದು ಕೂತಳು. ಊರು ಊರಿಂದ ಸೀರೆ ಬಂದವು, ಒಗೆದು ಮಡಿಚಿದ ಸೀರೆಗಳು.

ದೊಡ್ಡ ಆಫೀಸಿಗೆ ಅವಳು ತಾನೇ ಪತ್ರ ಬರೆದಳು. ನಿಯಮ ಮೀರಿ ತಮ್ಮನಿಗೆ ಕೆಲಸ ಕೊಟ್ಟೆ, ಪರೀಕ್ಷೆ ಮಾಡದೆ ಸಾಮಾನು ತೆಗೆದುಕೊಂಡೆ, ತಪ್ಪು ನನ್ನದು ಎಂದು. ವಿಚಾರಣೆಗೆ ಇಬ್ಬರು ಬಂದರು. ಹತ್ತಿ ಎಲ್ಲಿಂದ ಬಂತು ಎಂದು ನನ್ನನ್ನು ಕೇಳಬೇಕಾಗಿತ್ತು. ಬಾ ಎಂದು ಈರಪ್ಪನ ಕೂಡ ಹೇಳಿ ಕಳಿಸಿದರು. ನಾನು ಜ್ವರ ಬಂದಿದೆ ಎಂದು ಹೇಳಿ ಕಳಿಸಿ, ಒಳಗೆ ಕೌದಿ ಹೊದ್ದುಕೊಂಡು ಮಲಗಿದೆ. ಈರಪ್ಪ ಬಾಗಿಲಲ್ಲಿ ನಿಂತು ನೋಡಿದ. "ಆತ್ರಿ" ಎಂದಷ್ಟೇ ಹೇಳಿ ಹೋದ. ಆ ಮೇಲೆ ಅವನು ನನ್ನ ಅಂಗಡಿಯಲ್ಲಿ ಚಹಾ ಕುಡಿಯಲಿಲ್ಲ.

ಆ ದಿನಗಳಲ್ಲಿ ಅಕ್ಕನಿಗೆ ಇನ್ನೊಂದು ಕೆಲಸ ಬರುವುದಿತ್ತು. ದೇಶದ ಗಡಿಯಾಚೆ, ಊರು ಬಿಟ್ಟು ಓಡಿಬಂದವರ ದೊಡ್ಡ ಶಿಬಿರದಲ್ಲಿ ಮಕ್ಕಳ ಕೆಲಸವನ್ನೆಲ್ಲ ಜೋಡಿಸಲು ಅವಳನ್ನು ಆರಿಸಿದ್ದರು. ಪಾಸ್‌ಪೋರ್ಟು ಆಗಿತ್ತು. ಆ ಮಕ್ಕಳ ಭಾಷೆಯ ಮಾತುಗಳನ್ನು ಒಂದು ವಹಿಯಲ್ಲಿ ಬರೆದುಕೊಂಡು, ರೊಟ್ಟಿ ಬಡಿಯುವಾಗ ಬಾಯಿಪಾಠ ಮಾಡುತ್ತಿದ್ದಳು. ಉಂಡೆಯಾ, ಹೆದರಬೇಡ, ಯಾರ ಕೂಡ ಬಂದೆ, ಇಂಥವೇ ಮಾತುಗಳು. ವಿಚಾರಣೆ ಆದ ಮೇಲೆ ಆ ಕೆಲಸದ ನೇಮಕದ ಪತ್ರ ಬರಲಿಲ್ಲ. ಬೇರೆ ಯಾರೋ ಹೋದರು. ನಾನು ಕೇಳಿದರೆ, "ಇಲ್ಲೇನ ಕೆಲಸ ಕಮ್ಮಿ ಐತೇನು?" ಎಂದಳು. ಊರಲ್ಲಿ ಮಾತ್ರ ಮಾತು ಉಳಿಯಿತು. ಅಂಗಿಯ ಗುಂಡಿ ಎಣಿಸುವ ಮೇಡಂ, ಹೊಳೆ ಬಂದಾಗ ತಮ್ಮನ ಹೊಟ್ಟೆ ತುಂಬಿದಳು ಎಂದರು. ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತೇ ಹಾಗೆ ಅಂದರು. ನಾನು ಮಷೀನಿನ ಸದ್ದು ಜೋರು ಮಾಡಿದೆ.

ಮುಂದಿನ ರಮಜಾನ್ ಹಬ್ಬಕ್ಕೆ ಅಕ್ಕ ಎಂದಿನಂತೆ ಮನೆಗೆ ಬಂದಳು. ಹಬ್ಬದ ಪಾಯಸ ಸುರಕುಂಬಾದ ಬಟ್ಟಲು ಕೈಗೆ ಕೊಟ್ಟು, ಎದುರು ಕೂತು, "ಅಕ್ಕಾ, ಅವತ್ತಿಂದು ತಪ್ಪಾತು" ಎಂದೆ. ಬಹಳ ಸಣ್ಣ ದನಿಯಲ್ಲಿ.

ಅವಳು ಚಮಚ ಬಟ್ಟಲಿನಲ್ಲಿ ಬಿಟ್ಟು ನನ್ನನ್ನು ನೋಡಿದಳು. "ನನಗ್ಯಾಕ ಹೇಳ್ತೀಯೋ? ನಾ ಅದರ ಮ್ಯಾಲ ಒಂದ ಮಧ್ಯಾಹ್ನ ಮಲಗೀನಿ. ತಿಂಗಳ ಮ್ಯಾಲ ಮಲಗಿದವರಿಗೆ ಹೇಳು. ಬುಧವಾರ ಜೀಪ ರಾಮದುರ್ಗಕ್ಕ ಹೊಕ್ಕೈತಿ. ಬಾ."

"ಬರತೇನಿ" ಎಂದೆ. ಆ ಬುಧವಾರ ಹೋಗಲಿಲ್ಲ. ಜೀಪು ಅಂಗಡಿಯ ಮುಂದೆ ಬಂದು ನಿಂತಿತು. ನಾನು ಹಿಂದಿನ ಕೋಣೆಯಲ್ಲಿ ನಿಂತಿದ್ದೆ. ಎರಡು ಸಲ ಹಾರನ್ ಹೊಡೆದು ಹೋಯಿತು.

ಮರುವರ್ಷದ ಹಬ್ಬದಲ್ಲೂ ಎದ್ದು ಹೋಗುವಾಗ, "ಬುಧವಾರ ಜೀಪ ಹೊಕ್ಕೈತಿ" ಎಂದಳು. ಅದರ ಮರುವರ್ಷವೂ. ಬೇರೆ ಒಂದು ಮಾತೂ ಇಲ್ಲ. ನನ್ನ ಮೇಲಿನ ಪ್ರೀತಿಗೆ ಕುಂದು ಬರಲಿಲ್ಲ. ಮಗಳ ಫೀಸು, ಹೆಂಡತಿಯ ಆಪರೇಶನ್, ಎಲ್ಲದಕ್ಕೂ ಬಂದು ನಿಂತಳು. ನಾಲ್ಕನೆಯ ವರ್ಷದ ಹಬ್ಬದಲ್ಲಿ ಅವಳು ಆ ಮಾತು ಹೇಳಲಿಲ್ಲ. ನಾನು ಬಾಗಿಲವರೆಗೂ ಕಾಯುತ್ತ ಹೋದೆ. ಚಪ್ಪಲಿ ಮೆಟ್ಟಿ, ಮಗಳ ತಲೆ ಸವರಿ, ನಡೆದಳು. ಹೇಳದೇ ಹೋದಳಲ್ಲ ಎಂದು ನನಗೆ ಹಗುರಾಯಿತು. ಹಗುರಾದದ್ದಕ್ಕೆ ಈಗ ನಾಚಿಕೆಯಾಗುತ್ತದೆ. ನನ್ನ ಮೇಲಿನ ಆಸೆಯನ್ನು ಅವಳು ಬಿಟ್ಟಿದ್ದು ಅಂದು.

ನಿವೃತ್ತಿಯಾಗಿ ಆರು ತಿಂಗಳಿಗೆ, ಬೆಳಿಗ್ಗೆ ಅಂಗಳ ಗುಡಿಸುತ್ತಿದ್ದವಳು ಕಸಬರಿಗೆ ಹಿಡಿದೇ ಕುಸಿದಳು. ಮಣ್ಣು ಕೊಡುವಾಗ ಗ್ಯಾಂಗಿನ ಮುಕಾದಮನೂ ಬಂದಿದ್ದ, ಸಾವಕಾರರೂ ಬಂದಿದ್ದರು. ನಾನು ಯಾರ ಮುಖವನ್ನೂ ನೋಡಲಿಲ್ಲ.

ತಿಂಗಳ ಮೇಲೆ ರಾಮದುರ್ಗದ ಕೇಂದ್ರದಲ್ಲಿ ಅವಳ ನೆನಪಿನ ಸಭೆ ಇಟ್ಟರು. ಮನೆಯವರು ಯಾರಾದರೂ ಬರಬೇಕು ಎಂದರು. ಬಸ್ಸಿನಲ್ಲಿ ಹೋದೆ. ಹೊಳೆಯಿಂದ ಎದ್ದು ಬಂದವರಿಗೆ ಹೊಸ ಮನೆಗಳಾಗಿವೆ. ಅವುಗಳ ನಡುವೆ ಕೇಂದ್ರ. ಅಂಗಳದ ತುಂಬ ಜನ ಇದ್ದರು. ಒಂಬತ್ತನೇ ಇಯತ್ತೆಯ ಒಬ್ಬ ಹುಡುಗಿ ಮೈಕಿನ ಮುಂದೆ ಬಂದಳು. ಹೆಸರು ರೇಣುಕಾ ಎಂದಾಗ ನಾನು ತಲೆ ಎತ್ತಿ ನೋಡಿದೆ.

"ಹೊಳಿ ಬಂದಾಗ ನಾ ಸಣ್ಣಾಕಿ ಇದ್ನಿರಿ" ಎಂದು ಅವಳು ಹೇಳತೊಡಗಿದಳು. "ನನಗ ದಮ್ಮ ಎದ್ದು ದವಾಖಾನ್ಯಾಗ ಹಾಕಿದ್ರು. ಮೇಡಂ ಬಂದು ಮಂಚದ ಬಾಜೂ ನೆಲದ ಮ್ಯಾಲ ಕುಂತ್ರು. ನನ್ನ ಕೈ ಹಿಡದು, ಆ ಗಾದಿ ಕೆಟ್ಟಿತ್ತು, ನಾ ನೋಡದ ತಂದ್ನಿ, ನಂದ ತಪ್ಪು, ಮಾಫ್ ಮಾಡು ಅಂದ್ರು. ಆಮ್ಯಾಲ ಶೆಡ್ಡಿಗೆ ಬಂದು ಒಬ್ಬೊಬ್ಬರ ಮುಂದ ಕುಂತು ಎಲ್ಲಾರಿಗೂ ಹಂಗ ಕೇಳಿದ್ರು. ಅಷ್ಟ ದೊಡ್ಡವರು ಸಣ್ಣ ಹುಡ್ರಿಗೆ ತಪ್ಪಾತು ಅಂತಾರ ಅಂತ ನಮಗ ಗೊತ್ತಿರಲಿಲ್ಲರಿ. ಮೇಡಂ ಅವರದು ತಪ್ಪಿತ್ತು, ಆದ್ರ ಅವರು ಮುಚ್ಚಿಡಲಿಲ್ಲ. ನಾನೂ ಹಂಗ ಇರತೇನಿ."

ಜನ ಕಣ್ಣು ಒರೆಸಿಕೊಂಡರು. ಚಪ್ಪಾಳೆ ತಟ್ಟಿದರು. ಅಕ್ಕ ನನ್ನ ಪಾಲಿನ ಮಾತನ್ನು ಅಂದೇ, ಒಬ್ಬೊಬ್ಬರ ಮುಂದೆ ಕೂತು, ತನ್ನ ಹೆಸರಿನಲ್ಲಿ ಹೇಳಿ ಮುಗಿಸಿದ್ದಳು. ಅದನ್ನು ನನಗೆ ಒಮ್ಮೆಯೂ ಹೇಳಿರಲಿಲ್ಲ. ಬುಧವಾರ ಬಾ ಎಂದು ಮಾತ್ರ ಹೇಳಿದ್ದಳು.

"ಈಗ ಮೇಡಂ ಅವರ ತಮ್ಮ ಎರಡು ಮಾತು ಹೇಳುತ್ತಾರೆ" ಎಂದು ಮೈಕು ನನ್ನ ಕೈಗೆ ಕೊಟ್ಟರು.

ಅಲ್ಲಿ ಬಹಳ ಸುಲಭವಾದ ದಾರಿಯೊಂದಿತ್ತು. ನಮ್ಮ ಅಕ್ಕ ದೇವರಂಥವಳು ಎಂದು ಹೇಳಿ ಕೂತುಬಿಡಬಹುದಿತ್ತು. ಎಲ್ಲರಿಗೂ ಸಂತೋಷವಾಗುತ್ತಿತ್ತು. ಆ ಹುಡುಗಿ ಹೇಳಿದ ಕತೆ ಚೆಂದವಾಗಿಯೇ ಇತ್ತು, ಅದರಲ್ಲಿ ಅಕ್ಕ ದೊಡ್ಡವಳಾಗಿಯೇ ಇದ್ದಳು. ಆದರೆ ಅವಳು ಮಾಡದ ತಪ್ಪು ಅದರಲ್ಲಿ ಅವಳ ಹೆಸರಿಗೇ ಇತ್ತು. ನಾನು ಬಾಯಿ ಮುಚ್ಚಿಕೊಂಡರೆ ಈ ಮಕ್ಕಳು ಮುಪ್ಪಾಗುವವರೆಗೂ ಅದು ಹಾಗೆಯೇ ಇರುತ್ತಿತ್ತು. ಬಾಗಿಲ ಬಳಿ ಈರಪ್ಪ ಕೈಕಟ್ಟಿ ನಿಂತಿದ್ದ. ರೇಣುಕಾ ಮುಂದಿನ ಸಾಲಿನಲ್ಲಿ ಕೂತು ನನ್ನನ್ನು ನೋಡುತ್ತಿದ್ದಳು. ಮೇಡಂ ಅವರ ತಮ್ಮ ಎಂದು, ಪ್ರೀತಿಯಿಂದ.

ವೇದಿಕೆಯಿಂದ ಇಳಿದು ಅವಳ ಮುಂದೆ ಹೋಗಿ ನಿಂತೆ. ಮೈಕು ಕೈಯಲ್ಲೇ ಇತ್ತು. ನನ್ನ ದನಿ ಅಂಗಳದ ತುಂಬ ಕೇಳಿಸಿತು.

"ಯವ್ವಾ, ಆ ಗಾದಿ ನಾ ಮಾಡಿದ್ದು. ನಮ್ಮ ಅಕ್ಕ ಹೊಸಾ ಹತ್ತಿ ಹಾಕು ಅಂತ ಹೇಳಿದ್ಲು. ನಾ ಹೊಳಿ ನೀರಾಗ ತೊಯ್ದ ಹತ್ತಿ ಹಾಕಿದ್ನಿ, ಗೊತ್ತಿದ್ದ ಹಾಕಿದ್ನಿ. ಚೀಲದ ಮ್ಯಾಲ ಮಲಗೋ ಹುಡ್ರಿಗೆ ಇಷ್ಟ ಸಾಕು ಅಂದಿದ್ನಿ. ನಿನಗ ದಮ್ಮ ಎದ್ದಿದ್ದು ನನ್ನಿಂದ. ಕೇಳಾಕ ಬಂದವರಿಗೆ ಜ್ವರ ಅಂತ ಸುಳ್ಳ ಹೇಳಿ ಮಲಕೊಂಡ್ನಿ. ಆಕೀದು ಏನೂ ತಪ್ಪಿಲ್ಲ, ಆಕಿ ನನ್ನನ್ನ ನಂಬಿದ್ಲು, ಅಷ್ಟ. ಏಳ ವರ್ಷದ ಹಿಂದ ಬಂದ ಹೇಳಬೇಕಿತ್ತು, ಆಕಿ ಇದ್ದಾಗ ಹೇಳಬೇಕಿತ್ತು. ತಪ್ಪಾತವಾ. ನಿನ್ನ ಮುಂದನೂ ತಪ್ಪಾತು, ನಿನ್ನ ಕೂಡ ಮಲಗಿದ ಎಲ್ಲಾ ಹುಡ್ರ ಮುಂದನೂ ತಪ್ಪಾತು. ನನ್ನನ್ನ ಮಾಫ್ ಮಾಡ್ರಿ."